‘ಹೀಟ್‌ಪ್ರೂಫ್ ಟೆರೇಸ್’ ಅಂದರೆ ಎಷ್ಟು ಇಂಚು?

ಪ್ರಶ್ನೆ: ನಾನು ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತಳಾದವಳು. ಡೊಂಬಿವಲಿಯಲ್ಲಿ ಕಟ್ಟುತ್ತಿರುವ ಕಟ್ಟಡವೊಂದರಲ್ಲಿ ಕೊನೆಯ ಮಹಡಿಯ ಫ್ಲ್ಯಾಟ್ ನೋಡಿದ್ದೇವೆ. ಟೋಕನ್ ಕೊಟ್ಟಾಗಿದೆ, ಅಗ್ರಿಮೆಂಟ್ ಇನ್ನೂ ಆಗಿಲ್ಲ. ಕೊನೆಯ ಮಹಡಿ ಬೇಸಿಗೆಯಲ್ಲಿ ಬೇಯಿಸುತ್ತದೆ ಎಂದು ಎಲ್ಲರೂ ಹೆದರಿಸುತ್ತಾರೆ. ಬಿಲ್ಡರ್ ಆಫೀಸಿನ ಹುಡುಗ “ಮೇಡಂ, ನಮ್ಮದು ಹೀಟ್‌ಪ್ರೂಫ್ ಟೆರೇಸ್” ಅನ್ನುತ್ತಾನೆ. ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಮಗಳು ಹೋದ ವರ್ಷ ಹೊಸ ಮನೆ ಕೊಂಡಳು. ಅವಳ ಕರಾರಿನಲ್ಲಿ ಗೋಡೆಗೆ ಯಾವ ಇನ್ಸುಲೇಶನ್, ಎಷ್ಟು ದಪ್ಪ, ಅಟ್ಟಕ್ಕೆ ಎಷ್ಟು ಎಂದು ಅಂಕಿ ಸಮೇತ ಬರೆದಿದೆ. “ಅಮ್ಮಾ, ನೀನೂ ಕೇಳು” ಅಂದಳು. ಕೇಳಿದರೆ ಆ ಹುಡುಗ ನಕ್ಕುಬಿಟ್ಟ. ನಮ್ಮಲ್ಲಿ ಅಂಥ ಕಾನೂನು ಇಲ್ಲವೇ? ನಾನು ಏನಂತ ಕೇಳಬೇಕು? ಪಕ್ಕದ ಮನೆಯವರು “ಒಳಗಿಂದ ಥರ್ಮೋಕೋಲ್ ಸೀಲಿಂಗ್ ಹಾಕಿಸಿದರಾಯಿತು” ಅನ್ನುತ್ತಾರೆ, ಅದು ಸರಿಯೇ? ಈ ಮನೆ ತೆಗೆದುಕೊಳ್ಳಬಹುದೇ?

ಉತ್ತರ: ಟೀಚರ್ರೇ, ಆ ಹುಡುಗ ನಕ್ಕಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಉತ್ತರ ಗೊತ್ತಿಲ್ಲದಾಗ ಮಕ್ಕಳು ನಗುವುದನ್ನು ನೀವು ಕ್ಲಾಸಿನಲ್ಲಿ ನೋಡದೇ ಇರುತ್ತೀರಾ! ನಿಮ್ಮ ಮಗಳು ಕೇಳಿಸಿದ ಪ್ರಶ್ನೆ ಸರಿಯಾಗಿಯೇ ಇದೆ. ಮೂವತ್ತು ವರ್ಷ ಈ ಊರಿನ ಸ್ಲ್ಯಾಬ್‌ಗಳ ಮೇಲೆ ಓಡಾಡಿದವನು ನಾನು. ಟೈಲ್ಸ್ ಬಣ್ಣ ಕೇಳಿದವರನ್ನು, ವಾಸ್ತು ಕೇಳಿದವರನ್ನು ಬೇಕಾದಷ್ಟು ನೋಡಿದ್ದೇನೆ. ಟೆರೇಸ್ ಮೇಲೆ ಏನು ಹಾಕುತ್ತೀರಿ ಎಂದು ಕೇಳಿದವರು ಬೆರಳೆಣಿಕೆಯಷ್ಟು.

ಇಲ್ಲಿ ಎರಡು ಮಾತನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ಒಂದು, ಬಿಲ್ಡರ್ ಇನ್ಸುಲೇಶನ್, ಅಂದರೆ ಬಿಸಿ ತಡೆಯುವ ಪದರ, ಹಾಕಲೇಬೇಕು ಅನ್ನುವ ನಿಯಮ. ಇನ್ನೊಂದು, ಹಾಕಿದ್ದು ಏನು ಎಷ್ಟು ಎಂದು ಕೊಳ್ಳುವವರಿಗೆ ಹೇಳಲೇಬೇಕು ಅನ್ನುವ ನಿಯಮ. ನಿಮ್ಮ ಮಗಳ ಕರಾರಿನಲ್ಲಿ ಅಂಕಿ ಬಂದಿದ್ದು ಎರಡನೆಯದರಿಂದ.

ಅದರ ಕತೆ ಹೀಗಿದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಇಂಧನದ ಬೆಲೆ ಏರಿತು. ಮನೆಗೆ ಇನ್ಸುಲೇಶನ್ ಹಾಕಿಸಿಕೊಳ್ಳಲು ಜನ ಮುಗಿಬಿದ್ದರು. ಮಾರುವವರು ಬಾಯಿಗೆ ಬಂದಂತೆ ಹೇಳತೊಡಗಿದರು. ಆಗ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1979ರಲ್ಲಿ ‘ಆರ್ ವ್ಯಾಲ್ಯೂ ರೂಲ್’ ಎಂಬ ನಿಯಮ ಮಾಡಿತು, 1980ರಿಂದ ಅದು ಜಾರಿಗೆ ಬಂತು. ಆರ್ ವ್ಯಾಲ್ಯೂ ಅಂದರೆ ಒಂದು ವಸ್ತು ಶಾಖವನ್ನು ಎಷ್ಟು ತಡೆಯುತ್ತದೆ ಅನ್ನುವ ಅಂಕಿ, ಜಾಸ್ತಿ ಇದ್ದಷ್ಟೂ ಒಳ್ಳೆಯದು. ಹೊಸ ಮನೆ ಮಾರುವವರು ಮನೆಯ ಯಾವ ಭಾಗಕ್ಕೆ ಯಾವ ಜಾತಿಯ ಇನ್ಸುಲೇಶನ್, ಎಷ್ಟು ದಪ್ಪ, ಎಷ್ಟು ಆರ್ ವ್ಯಾಲ್ಯೂ ಎಂದು ಮಾರಾಟದ ಕರಾರಿನಲ್ಲೇ ಬರೆಯಬೇಕು. ಹಳೆ ಮನೆಗೆ ಹಾಕಿಕೊಡುವ ಕಂಟ್ರಾಕ್ಟರ್ ಕೂಡ ಎಷ್ಟು ಜಾಗಕ್ಕೆ, ಎಷ್ಟು ದಪ್ಪ, ಎಷ್ಟು ಅಂಕಿ ಎಂದು ರಸೀದಿಯಲ್ಲಿ ಬರೆದುಕೊಡಬೇಕು. ಇಂತಿಷ್ಟು ಹಾಕಿ ಎಂದು ಮಾತ್ರ ಈ ನಿಯಮ ಹೇಳುವುದಿಲ್ಲ. ಅದನ್ನು ಆಯಾ ಊರಿನ ಕಟ್ಟಡದ ಕೋಡ್, ಅಂದರೆ ನಿಯಮಾವಳಿ, ಹೇಳುತ್ತದೆ. ಹ್ಯೂಸ್ಟನ್ ಕಡೆ ಅಟ್ಟಕ್ಕೆ ಆರ್-38 ಅಥವಾ ಅದಕ್ಕಿಂತ ಜಾಸ್ತಿ ಇರುತ್ತದೆ. ಮಗಳ ಕಾಗದದಲ್ಲೂ ಸರಿಸುಮಾರು ಅಷ್ಟೇ ಇರಬೇಕು, ನೋಡಿ.

ನಮ್ಮಲ್ಲಿ ಇದು ತಿರುಗುಮುರುಗು. ‘ಹಾಕಬೇಕು’ ಅನ್ನುವ ಕೋಡ್ ಇದೆ. ಇನ್ಸುಲೇಶನ್ನಿನ ಅಂಕಿಯನ್ನು ಕರಾರಿನಲ್ಲಿ ಬರೆದು ಕೊಳ್ಳುವವರ ಕೈಗೆ ಕೊಡಬೇಕು ಅನ್ನುವ ನಿಯಮ ಇಲ್ಲ.

ಕೋಡ್ ಯಾವುದು ಅಂತೀರಾ? ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ, ನಾವು ಬಾಯಲ್ಲಿ ಬಿಇಇ ಅನ್ನುವುದು, ಎಸಿ ಫ್ರಿಜ್ಜುಗಳಿಗೆ ನಕ್ಷತ್ರ ಅಂಟಿಸುವವರು. ಅವರು ದೊಡ್ಡ ವಾಣಿಜ್ಯ ಕಟ್ಟಡಗಳಿಗೆ 2007ರಲ್ಲೇ ಒಂದು ಕೋಡ್ ತಂದರು, 2017ರಲ್ಲಿ ಅದನ್ನು ಹೊಸದು ಮಾಡಿದರು. ವಾಸದ ಮನೆಗಳಿಗೆ 2018ರ ಡಿಸೆಂಬರ್‌ನಲ್ಲಿ ‘ಇಕೋ ನಿವಾಸ್ ಸಂಹಿತಾ’ ಬಂತು. 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಪ್ಲಾಟಿನ ಮೇಲಿನ ವಸತಿ ಕಟ್ಟಡಗಳನ್ನು ಲೆಕ್ಕದಲ್ಲಿಟ್ಟು ಬರೆದದ್ದು. 2022ರ ತಿದ್ದುಪಡಿ ಬಂದ ಮೇಲೆ ಇಂಧನ ಸಂರಕ್ಷಣಾ ಕಾಯ್ದೆಯೇ ವಾಸದ ಕಟ್ಟಡಗಳನ್ನೂ ಒಳಗೆ ತೆಗೆದುಕೊಂಡಿದೆ. 100 ಕಿಲೋವ್ಯಾಟ್ ಲೋಡಿನ ಕಟ್ಟಡಗಳಿಂದ ಅದು ಶುರು. ಲಿಫ್ಟು, ಪಂಪು, ಎಸಿ ಎಲ್ಲ ಸೇರಿದರೆ ಒಂದು ಟವರಿಗೆ ಅಷ್ಟು ಸುಲಭವಾಗಿ ಆಗುತ್ತದೆ. ಆದರೆ ಕೇಂದ್ರ ಕೋಡ್ ಬರೆದ ಮಾತ್ರಕ್ಕೆ ಮುನಿಸಿಪಾಲಿಟಿಯ ಟೇಬಲ್ಲಿನ ಮೇಲೆ ಅದು ಬಂದು ಕೂರುವುದಿಲ್ಲ. ರಾಜ್ಯ ಅದನ್ನು ತನ್ನದಾಗಿ ಪ್ರಕಟಿಸಬೇಕು. ಊರಿನ ಕಟ್ಟಡ ನಿಯಮಗಳಲ್ಲಿ ಅದು ಸೇರಬೇಕು. ಪ್ಲ್ಯಾನ್ ಪಾಸ್ ಮಾಡುವವನು ಅದನ್ನು ಕೇಳಬೇಕು. ಈ ಮೂರು ಮೆಟ್ಟಿಲಲ್ಲಿ ಒಂದು ತಪ್ಪಿದರೂ ಕೋಡ್ ಕಪಾಟಿನಲ್ಲೇ ಇರುತ್ತದೆ.

ಹಾಗಂತ ಅದು ನಿಮ್ಮ ಉಪಯೋಗಕ್ಕೆ ಬರುವುದಿಲ್ಲ ಅಂತಲ್ಲ. ಅದರಲ್ಲಿ ನಿಮಗೆ ಬೇಕಾದ ಒಂದು ಅಂಕಿ ಇದೆ: 1.2.

ಟೆರೇಸಿನ ಯು ವ್ಯಾಲ್ಯೂ 1.2 ಮೀರಬಾರದು ಎನ್ನುತ್ತದೆ ಸಂಹಿತೆ. ಯು ಅನ್ನುವುದು ಆರ್‌ನ ತಲೆಕೆಳಗು. ಎಷ್ಟು ಶಾಖ ದಾಟಿ ಬರುತ್ತದೆ ಅನ್ನುವ ಲೆಕ್ಕ, ಇದು ಕಮ್ಮಿ ಇದ್ದಷ್ಟೂ ಒಳ್ಳೆಯದು. ಹೊರಗೂ ಒಳಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ ಒಂದು ಚದರ ಮೀಟರ್ ಟೆರೇಸಿನಿಂದ ಎಷ್ಟು ವ್ಯಾಟ್ ಇಳಿಯುತ್ತದೆ, ಅಷ್ಟೇ ಅದರ ಅರ್ಥ.

ಈಗ ಬೋರ್ಡಿನ ಮೇಲೆ ಒಂದು ಲೆಕ್ಕ ಮಾಡೋಣ. ಆರಿಂಚಿನ ಬರೀ ಕಾಂಕ್ರೀಟ್ ಸ್ಲ್ಯಾಬ್, ಕೆಳಗೆ ಪ್ಲಾಸ್ಟರ್. ಇದರ ಯು 3ಕ್ಕಿಂತ ಜಾಸ್ತಿ. ಮೇ ತಿಂಗಳ ಮಧ್ಯಾಹ್ನ ಮುಂಬಯಿಯ ಟೆರೇಸ್ 60 ಡಿಗ್ರಿ ಕಾದಿದೆ, ಒಳಗೆ 33 ಇದೆ ಅಂದುಕೊಳ್ಳಿ. ವ್ಯತ್ಯಾಸ 27. ಹತ್ತು ಅಡಿ ಹನ್ನೆರಡು ಅಡಿ ಬೆಡ್‌ರೂಮ್ ಅಂದರೆ 11 ಚದರ ಮೀಟರ್. ಗುಣಿಸಿದರೆ ಸುಮಾರು 900 ವ್ಯಾಟ್. ಒಂದು ಇಸ್ತ್ರಿಪೆಟ್ಟಿಗೆಯನ್ನು ಆನ್ ಮಾಡಿ ಮಂಚದ ಮೇಲ್ಗಡೆ ನೇತುಹಾಕಿದ ಹಾಗೆ. ಅದೇ ಸ್ಲ್ಯಾಬಿನ ಮೇಲೆ ಒಂದೇ ಒಂದು ಇಂಚು ಒಳ್ಳೆ ಫೋಮ್ ಶೀಟು, ಅದರ ಮೇಲೆ ಮಾಮೂಲಿ ಕೋಬಾ (ಇಟ್ಟಿಗೆ ಚೂರು, ಸಿಮೆಂಟಿನ ಪದರ) ಬಂದರೆ ಯು 0.8 ಆಸುಪಾಸಿಗೆ ಇಳಿಯುತ್ತದೆ. ಆಗ ಒಳಗೆ ಬರುವುದು ಸುಮಾರು 240 ವ್ಯಾಟ್.

ಈ ಇಸ್ತ್ರಿಪೆಟ್ಟಿಗೆ ಮಧ್ಯಾಹ್ನವೇ ಉರಿದರೆ ಪರವಾಗಿರಲಿಲ್ಲ. ಕಾಂಕ್ರೀಟ್ ನಿಧಾನದ ಪ್ರಾಣಿ. ಹಗಲಿಡೀ ಹೀರಿಕೊಂಡ ಬಿಸಿಯನ್ನು ಸಂಜೆಯಿಂದ ಮಧ್ಯರಾತ್ರಿವರೆಗೂ ಕೆಳಗೆ ಬಿಡುತ್ತಿರುತ್ತದೆ. ಬಯಲುಸೀಮೆಯಲ್ಲಿ ರಾತ್ರಿ ಗಾಳಿ ತಣ್ಣಗಾಗುತ್ತದೆ, ಟೆರೇಸ್ ಮೇಲೆ ಚಾಪೆ ಹಾಸಿ ಮಲಗಬಹುದು. ಇಲ್ಲಿ ಸಮುದ್ರದ ತೇವ. ರಾತ್ರಿಯೂ ಗಾಳಿ ಅಷ್ಟಾಗಿ ಆರುವುದಿಲ್ಲ, ಸ್ಲ್ಯಾಬೂ ಆರುವುದಿಲ್ಲ. ಹತ್ತು ಗಂಟೆಗೆ ಫ್ಯಾನ್ ಹಾಕಿದರೆ ಸೀಲಿಂಗಿನ ಬಿಸಿಯನ್ನೇ ಮೈಮೇಲೆ ಸುರಿಯುತ್ತದೆ. ಇನ್ನೂ ಒಂದು ಮಾತು. ಮುಂಬಯಿ ಇರುವುದು 19 ಡಿಗ್ರಿ ಅಕ್ಷಾಂಶದಲ್ಲಿ. ಮೇ ಮಧ್ಯಭಾಗದಲ್ಲಿ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ಒಂದು ದಿನ ನೆರಳೇ ಬೀಳುವುದಿಲ್ಲ. ಗೋಡೆಗಿಂತ ಟೆರೇಸಿಗೇ ಪೆಟ್ಟು ಜಾಸ್ತಿ.

ಇದನ್ನು ನಂಬಲು ನಿಮಗೆ ನನ್ನ ಲೆಕ್ಕ ಬೇಡ. ಯಾರದಾದರೂ ಕೊನೆಯ ಮಹಡಿಯ ಮನೆಗೆ ಬೇಸಿಗೆಯ ರಾತ್ರಿ ಊಟದ ಹೊತ್ತಿಗೆ ಹೋಗಿ. ಸ್ಟೂಲ್ ಹತ್ತಿ ಅಂಗೈಯನ್ನು ಸೀಲಿಂಗಿನಿಂದ ಒಂದು ಗೇಣು ದೂರ ಹಿಡಿಯಿರಿ. ಮುಟ್ಟಬೇಡಿ, ಸುಮ್ನೆ ಹಿಡಿಯಿರಿ. ದೋಸೆ ಕಾವಲಿ ಕಾದಿದೆಯೋ ಇಲ್ಲವೋ ಎಂದು ನೋಡುತ್ತೀರಲ್ಲ, ಹಾಗೆ. (ಸ್ಟೂಲನ್ನು ಇನ್ನೊಬ್ಬರು ಹಿಡಿದುಕೊಳ್ಳಲಿ.) ನಾನು ಒಮ್ಮೆ ನಮ್ಮ ಮನೆಯಲ್ಲೇ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿದ್ದೆ. ರಾತ್ರಿ ಹತ್ತಕ್ಕೆ ಸೀಲಿಂಗ್ 38 ಡಿಗ್ರಿ. ಮೈಚರ್ಮಕ್ಕಿಂತ ಬಿಸಿ. ಅಂಥ ಸೀಲಿಂಗಿನ ಕೆಳಗೆ ಮೈ ಬಿಸಿ ಬಿಡುವುದು ಹೇಗೆ? ಇನ್ನಷ್ಟು ತೆಗೆದುಕೊಳ್ಳುತ್ತದೆ ಅಷ್ಟೆ.

ಆ ಮನೆಯ ವಿಷಯ ಬಂತಲ್ಲ, ನನ್ನ ಪೆದ್ದತನವನ್ನೂ ಹೇಳಿಬಿಡುತ್ತೇನೆ. ಮುಲುಂಡ್‌ನಲ್ಲಿ ನಮ್ಮದೂ ಕೊನೆಯ ಮಹಡಿಯೇ. ಇಂಜಿನಿಯರ್ ಆಗಿದ್ದೂ ಒಬ್ಬ ಕಂಟ್ರಾಕ್ಟರ್ ಮಾತಿಗೆ ಮರುಳಾದೆ. “ಸಾಹೇಬ್, ಕೂಲಿಂಗ್ ಪೇಂಟ್, ಎಂಟು ಡಿಗ್ರಿ ಇಳಿಯುತ್ತದೆ, ಐದು ವರ್ಷ ಗ್ಯಾರಂಟಿ” ಅಂದ. ಸೊಸೈಟಿಯಲ್ಲಿ ನಾನೇ ಮುಂದೆ ನಿಂತು ಒಪ್ಪಿಸಿದೆ. ಏಪ್ರಿಲ್‌ನಲ್ಲಿ ಬಳಿದರು. ಆ ಬೇಸಿಗೆ ಸುಳ್ಳಲ್ಲ, ಚೆನ್ನಾಗಿಯೇ ಇತ್ತು. ಬಿಳಿ ಮೇಲ್ಮೈ ಬಿಸಿಲನ್ನು ವಾಪಸ್ ಎಸೆಯುತ್ತದೆ, ಅದು ವಿಜ್ಞಾನವೇ. ಆಮೇಲೆ ಮಳೆ ಬಂತು. ಜುಲೈ ಹೊತ್ತಿಗೆ ಟೆರೇಸ್ ಮೇಲೆ ಹಸಿರು ಪಾಚಿ, ಸೆಪ್ಟೆಂಬರ್‌ಗೆ ಕಪ್ಪು. ಅಕ್ಟೋಬರ್ ಬಿಸಿಲಿಗೆ ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಗ್ಯಾರಂಟಿ ಕಾಗದ ತೆಗೆದು ನೋಡಿದರೆ ‘ಹೀಟ್ ರಿಫ್ಲೆಕ್ಟಿವ್ ಕೋಟಿಂಗ್, ಉತ್ತಮ ಗುಣಮಟ್ಟ’ ಅಂತ ಇದೆ. ಎಷ್ಟು ಕೋಟು, ಎಷ್ಟು ದಪ್ಪ, ಎಷ್ಟು ಬಿಸಿಲು ವಾಪಸ್ ಎಸೆಯಬೇಕು, ಒಂದಕ್ಕೂ ಅಂಕಿ ಇಲ್ಲ. ಅವನು ಯಾವ ಮಾತನ್ನೂ ಮುರಿದಿರಲಿಲ್ಲ, ಯಾಕೆಂದರೆ ಅಳೆಯಬಹುದಾದ ಯಾವ ಮಾತನ್ನೂ ಕೊಟ್ಟೇ ಇರಲಿಲ್ಲ. ಸೊಸೈಟಿ ಮೀಟಿಂಗಿನಲ್ಲಿ ಈಗಲೂ ಒಬ್ಬರು ನನ್ನನ್ನು ‘ಎಂಟು ಡಿಗ್ರಿ’ ಅಂತಲೇ ಕರೆಯುತ್ತಾರೆ.

‘ಹೀಟ್‌ಪ್ರೂಫ್’ ಅನ್ನುವುದೂ ಅಂಥದ್ದೇ ಮಾತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಒಬ್ಬ ಬಿಲ್ಡರಿಗೆ ಅದು ಬಿಳಿ ಬಣ್ಣ, ಇನ್ನೊಬ್ಬನಿಗೆ ಬ್ರಿಕ್‌ಬ್ಯಾಟ್ ಕೋಬಾ, ಮತ್ತೊಬ್ಬನಿಗೆ ನಿಜವಾದ ಇನ್ಸುಲೇಶನ್. ನಿಮ್ಮ ಹುಡುಗನದ್ದು ಬಹುಶಃ ಎರಡನೆಯದು. ಮುಂಬಯಿ ಕಡೆ ಟೆರೇಸ್ ಅಂದರೆ ಕೋಬಾ ಅಂತಲೇ ಲೆಕ್ಕ: ಒಡೆದ ಇಟ್ಟಿಗೆ ಚೂರುಗಳನ್ನು ಸಿಮೆಂಟಿನಲ್ಲಿ ಕೂರಿಸಿ, ನೀರು ಹರಿಯಲು ಇಳಿಜಾರು ಕೊಟ್ಟು, ಮೇಲೆ ಚೈನಾ ಮೊಸಾಯಿಕ್, ಅಂದರೆ ಒಡೆದ ಬಿಳಿ ಟೈಲ್ಸ್ ಚೂರು. ಇದು ಮುಖ್ಯವಾಗಿ ನೀರಿನ ಕೆಲಸಕ್ಕೆ ಹುಟ್ಟಿದ್ದು. ಬಿಸಿಗೆ ಸ್ವಲ್ಪ ಸಹಾಯ ಮಾಡುತ್ತದೆ. ನಾಲ್ಕಿಂಚು ಕೋಬಾ ಹಾಕಿದರೂ ಯು 2ರ ಮೇಲೇ ಇರುತ್ತದೆ. 1.2 ಎಲ್ಲಿ, 2 ಎಲ್ಲಿ! ಮೇಲಾಗಿ ಕೋಬಾ ನೀರು ಹೀರಿಕೊಂಡರೆ ಆ ಸಹಾಯವೂ ಕಮ್ಮಿ, ಒದ್ದೆ ಇಟ್ಟಿಗೆ ಒಣ ಇಟ್ಟಿಗೆಗಿಂತ ಬೇಗ ಬಿಸಿ ದಾಟಿಸುತ್ತದೆ. ಭಾರವಂತೂ ಚದರ ಮೀಟರಿಗೆ 200 ಕಿಲೋ ಹತ್ತಿರ ಹೋಗುತ್ತದೆ. ಹಳೆ ಕಟ್ಟಡದವರು ಸೋರಿತು ಎಂದು ಕೋಬಾದ ಮೇಲೆ ಕೋಬಾ ಹಾಕಿಸುವುದನ್ನು ನೋಡಿದಾಗ ನನಗೆ ನಿಜಕ್ಕೂ ಭಯವಾಗುತ್ತದೆ.

ಹಾಗಾದರೆ ಏನು ಕೇಳಬೇಕು? ವಾಟರ್‌ಪ್ರೂಫಿಂಗ್ ಆದ ಮೇಲೆ, ಕೋಬಾಕ್ಕೆ ಮೊದಲು, ಒಂದು ಪದರ ಎಕ್ಸ್‌ಪಿಎಸ್ ಎಂಬ ಫೋಮ್ ಶೀಟು ಹಾಕುತ್ತಾರೋ ಎಂದು ಕೇಳಿ. ನೋಡಲು ಥರ್ಮೋಕೋಲಿನ ದೊಡ್ಡಣ್ಣನ ಹಾಗಿರುತ್ತದೆ. ನೀಲಿ ಅಥವಾ ಗುಲಾಬಿ ಬಣ್ಣದ ಗಟ್ಟಿ ಹಲಗೆ, ಉಗುರಿನಲ್ಲಿ ಒತ್ತಿದರೆ ಸುಲಭಕ್ಕೆ ತಗ್ಗುವುದಿಲ್ಲ. ಥರ್ಮೋಕೋಲ್ ಮುರಿದರೆ ಮಣಿ ಮಣಿಯಾಗಿ ಉದುರುತ್ತದಲ್ಲ, ಇದು ಹಾಗೆ ಉದುರುವುದಿಲ್ಲ. ನೀರನ್ನೂ ಬಹಳ ಕಮ್ಮಿ ಹೀರುತ್ತದೆ, ಅದಕ್ಕೇ ವಾಟರ್‌ಪ್ರೂಫಿಂಗ್ ಮೇಲೆ ಹಾಕಬಹುದು. ಕೆಲವರು ಪಿಯು (ಪಾಲಿಯುರೆಥೇನ್) ಫೋಮನ್ನು ಸ್ಪ್ರೇ ಮಾಡುತ್ತಾರೆ. ಅದೂ ಒಳ್ಳೆಯದೇ, ಆದರೆ ಬಿಸಿಲಿಗೆ ಬಿಡಬಾರದು, ಮೇಲೆ ಸ್ಕ್ರೀಡ್, ಅಂದರೆ ಸಿಮೆಂಟ್ ಗಾರೆಯ ಪದರ, ಮುಚ್ಚಲೇಬೇಕು. ನನ್ನ ಮತ ಶೀಟಿನ ಕಡೆ. ಶೀಟಾದರೆ ದಪ್ಪ ಅಳೆಯಬಹುದು. ಸ್ಪ್ರೇ ಮಾಡಿದವನು ಮೂಲೆಯಲ್ಲಿ ಎಷ್ಟು ಹಾಕಿದ ಎಂದು ನೋಡಲು ನೀವು ಬೆನ್ನ ಹಿಂದೆಯೇ ನಿಂತಿರಬೇಕು.

ಒಂದು ಇಂಚಿನ ಎಕ್ಸ್‌ಪಿಎಸ್ ಅಂದರೆ ಮಗಳ ಭಾಷೆಯಲ್ಲಿ ಆರ್-5. ಅವಳು ಫೋನಿನಲ್ಲಿ “ಬರೀ ಐದಾ? ನಮ್ಮದು ಮೂವತ್ತೆಂಟು” ಅನ್ನಬಹುದು. ಹೆದರಬೇಡಿ. ಅವಳದು ಮರದ ಚೌಕಟ್ಟಿನ ಮನೆ, ಕಿಟಕಿ ಮುಚ್ಚಿ ವರ್ಷವಿಡೀ ಎಸಿ ಅಥವಾ ಹೀಟರ್ ಓಡುತ್ತದೆ. ನಿಮ್ಮದು ಕಿಟಕಿ ತೆರೆದು ಬದುಕುವ ಮನೆ. ನಮ್ಮ ಸಂಹಿತೆಯ 1.2 ಕೂಡ ಅವರ ಲೆಕ್ಕದಲ್ಲಿ ಹೆಚ್ಚುಕಮ್ಮಿ ಆರ್-5ಕ್ಕೇ ಬಂದು ನಿಲ್ಲುತ್ತದೆ. ಮೊದಲ ಇಂಚು ಯು ಅನ್ನು 2ರ ಮೇಲಿಂದ 0.8ಕ್ಕೆ ಇಳಿಸಿತು. ಎರಡನೇ ಇಂಚು 0.8ರಿಂದ 0.5ಕ್ಕೆ ಇಳಿಸುತ್ತದೆ. ದುಡ್ಡು ಅಷ್ಟೇ, ಲಾಭ ಕಮ್ಮಿ. ಮೊದಲ ಇಂಚಿಗೆ ಜಗಳವಾಡಿ, ಎರಡನೆಯದಕ್ಕೆ ಬೇಡ. ಅಂದಹಾಗೆ ಆರ್ ವ್ಯಾಲ್ಯೂ ಹೋಲಿಸುವಾಗ ಒಂದು ಗುಂಡಿ ಇದೆ. ಅಮೆರಿಕದ ಆರ್ ಬೇರೆ, ನಮ್ಮ ಮೆಟ್ರಿಕ್ ಆರ್ ಬೇರೆ. ಅವರದನ್ನು 5.68ರಿಂದ ಭಾಗಿಸಿದರೆ ನಮ್ಮದು. ಬ್ರೋಷರಿನಲ್ಲಿ ‘ಆರ್ 5’ ಅಂತ ಇದ್ದರೆ ಯಾವ ಊರಿನ ಐದು ಎಂದು ಕೇಳಿ.

ಫಳಫಳ ಹೊಳೆಯುವ ಅಲ್ಯೂಮಿನಿಯಂ ಫಾಯಿಲ್ ತೋರಿಸಿ ‘ಆರ್ ವ್ಯಾಲ್ಯೂ ಹತ್ತು’ ಅನ್ನುವವರೂ ಸಿಗುತ್ತಾರೆ. ಫಾಯಿಲ್ ಕೆಲಸ ಮಾಡುವುದು ಅದರ ಮುಂದೆ ಗಾಳಿಯ ಜಾಗ ಖಾಲಿ ಇದ್ದರೆ ಮಾತ್ರ. ತಗಡಿನ ಶೆಡ್ಡಿನ ಕೆಳಗೆ ಅದು ಭೇಷ್. ಎರಡು ಸಿಮೆಂಟ್ ಪದರದ ನಡುವೆ ಹೂತುಬಿಟ್ಟರೆ ಅದು ಬರೀ ಕಾಗದ.

ಈಗ ಕಾಗದಪತ್ರದ ವಿಷಯ. ನಿಮಗೆ ಅತಿ ಮುಖ್ಯವಾದ ಭಾಗ ಇದೇ.

2016ರ ರೆರಾ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆಯಲ್ಲಿ ಇನ್ಸುಲೇಶನ್ ಅನ್ನುವ ಹೆಸರು ಹಿಡಿದು ಏನೂ ಹೇಳಿಲ್ಲ. ಆದರೆ ಬಿಲ್ಡರ್ ಬರೆದದ್ದಕ್ಕೆ ಅವನನ್ನು ಕಟ್ಟಿಹಾಕುವ ಹಗ್ಗ ಅದರಲ್ಲಿ ಚೆನ್ನಾಗಿಯೇ ಇದೆ. 19ನೇ ಕಲಂ ಪ್ರಕಾರ ಪಾಸಾದ ಪ್ಲ್ಯಾನ್, ಸ್ಪೆಸಿಫಿಕೇಶನ್ ಕೇಳಿ ಪಡೆಯುವುದು ನಿಮ್ಮ ಹಕ್ಕು. 14ನೇ ಕಲಂ ಪ್ರಕಾರ ಆ ಸ್ಪೆಸಿಫಿಕೇಶನ್‌ಗೆ ತಕ್ಕಂತೆಯೇ ಕಟ್ಟಬೇಕು. ಕೀಲಿಕೈ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕೆಲಸದಲ್ಲೋ ಗುಣಮಟ್ಟದಲ್ಲೋ ದೋಷ ಕಂಡರೆ, ನೀವು ತಿಳಿಸಿದ 30 ದಿನದಲ್ಲಿ ಅವನ ಖರ್ಚಿನಲ್ಲೇ ಸರಿಮಾಡಿಕೊಡಬೇಕು. 12ನೇ ಕಲಂ ಇನ್ನೂ ರುಚಿಯಾಗಿದೆ: ಜಾಹೀರಾತಿನಲ್ಲಿ, ಬ್ರೋಷರಿನಲ್ಲಿ ಸುಳ್ಳು ಹೇಳಿದ್ದನ್ನು ನಂಬಿ ದುಡ್ಡು ಕೊಟ್ಟು ನಷ್ಟವಾದರೆ ಪರಿಹಾರ ಕೇಳಬಹುದು, ಬೇಡವೆಂದು ಹಿಂದೆ ಸರಿದರೆ ಹಣ ಬಡ್ಡಿ ಸಮೇತ ವಾಪಸ್. ಹಾಗಾಗಿ ಬ್ರೋಷರನ್ನು ಹಳೆ ಪೇಪರಿನ ಜೊತೆ ರದ್ದಿಗೆ ಹಾಕಬೇಡಿ. ‘ಹೀಟ್‌ಪ್ರೂಫ್’ ಅಂತ ಅಚ್ಚಾದ ಪುಟ ಇದ್ದರೆ ಜೋಪಾನ.

ಆದರೆ ‘ಹೀಟ್‌ಪ್ರೂಫ್’ ಆಗಿಲ್ಲ ಎಂದು ತೋರಿಸುವುದು ಹೇಗೆ? ನನ್ನ ಪೇಂಟಿನ ಕತೆಯೇ ಮತ್ತೆ. ‘25 ಮಿಲಿಮೀಟರ್ ಎಕ್ಸ್‌ಪಿಎಸ್’ ಅಂತ ಬರೆದಿದ್ದರೆ, ಒಂದು ಕಡೆ ಕೋಬಾ ಕೊರೆದು ಸ್ಕೇಲ್ ಇಟ್ಟರೆ ಸತ್ಯ ಹೊರಗೆ ಬರುತ್ತದೆ.

ಅಗ್ರಿಮೆಂಟಿನ ಕೊನೆಗೆ ‘ಸ್ಪೆಸಿಫಿಕೇಶನ್ ಮತ್ತು ಅಮೆನಿಟೀಸ್’ ಅಂತ ಒಂದು ಪಟ್ಟಿ ಲಗತ್ತಾಗಿರುತ್ತದೆ. ತೆಗೆದು ನೋಡಿ. ಎರಡಡಿ ವಿಟ್ರಿಫೈಡ್ ಟೈಲ್ಸ್, ಹೆಸರಾಂತ ಕಂಪನಿಯ ನಲ್ಲಿ, ಮಾಡ್ಯುಲರ್ ಸ್ವಿಚ್, ವಿಡಿಯೋ ಡೋರ್ ಫೋನ್, ಎಲ್ಲ ಇರುತ್ತದೆ. ಗೋಡೆ ಯಾವುದರದ್ದು, ಟೆರೇಸಿಗೆ ಏನು ಎಂದು ಸಾಮಾನ್ಯವಾಗಿ ಇರುವುದಿಲ್ಲ. ಸ್ವಿಚ್ಚನ್ನು ನಾಳೆ ನೀವೇ ಬದಲಾಯಿಸಬಹುದು. ಟೆರೇಸನ್ನು ಬದಲಾಯಿಸಲಿಕ್ಕಾಗುತ್ತದೆಯೇ? ಆ ಪಟ್ಟಿಗೆ ಒಂದು ಸಾಲು ಸೇರಿಸಿ ಎಂದು ಕೇಳಿ: “ಟೆರೇಸ್ ಸ್ಲ್ಯಾಬ್ ಮೇಲೆ ವಾಟರ್‌ಪ್ರೂಫಿಂಗ್, ಅದರ ಮೇಲೆ ಕನಿಷ್ಠ 25 ಮಿಲಿಮೀಟರ್ ದಪ್ಪದ ಎಕ್ಸ್‌ಪಿಎಸ್ ಇನ್ಸುಲೇಶನ್, ಅದರ ಮೇಲೆ ಸ್ಕ್ರೀಡ್ ಮತ್ತು ಬಿಳಿ ಚೈನಾ ಮೊಸಾಯಿಕ್. ಟೆರೇಸಿನ ಯು ವ್ಯಾಲ್ಯೂ 1.2 ಮೀರುವುದಿಲ್ಲ.” ಇಷ್ಟು ಸಾಕು. ಬಾಯಲ್ಲಿ ಕೇಳಬೇಡಿ, ಇಮೇಲ್ ಮಾಡಿ. ಸೇಲ್ಸ್ ಹುಡುಗನಿಗಲ್ಲ, ಪ್ರಾಜೆಕ್ಟಿನ ಆರ್ಕಿಟೆಕ್ಟ್‌ಗೆ ತಲುಪುವ ಹಾಗೆ.

ಇದನ್ನು ಈಗಲೇ ಮಾಡಬೇಕು. ಅಗ್ರಿಮೆಂಟ್ ರಿಜಿಸ್ಟರ್ ಆಗುವ ಮೊದಲು ಬೆಲೆಯ 10 ಪರ್ಸೆಂಟಿಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ, ಅದೂ ರೆರಾದಲ್ಲೇ ಇದೆ. ಈ ಹೊತ್ತಿನಲ್ಲಿ ನಿಮ್ಮ ಮಾತಿಗೆ ಬೆಲೆ ಇದೆ. ಕೀಲಿಕೈ ಬಂದ ಮೇಲೆ ಕೇಳಿದರೆ ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಆಮೇಲೆ ಟೆರೇಸ್ ಸೊಸೈಟಿಯದ್ದು. ನಿಮ್ಮ ತಲೆಯ ಮೇಲಿದ್ದರೂ ನಿಮ್ಮದಲ್ಲ. ಟೆರೇಸ್ ಸೋರಿದರೆ ರಿಪೇರಿ ಖರ್ಚು ಸೊಸೈಟಿಯದ್ದೇ, ಸರಿ. ಆದರೆ ನಿಮ್ಮ ಬೆಡ್‌ರೂಮ್ ತಂಪಾಗಲಿ ಎಂದು ಎರಡನೇ ಮಹಡಿಯವರು ಕೈ ಎತ್ತಬೇಕಲ್ಲ, ಅದು ಅಷ್ಟು ಸುಲಭವಲ್ಲ.

ಇನ್ನೊಂದು ಒಳದಾರಿ ಇದೆ. ನಿಮ್ಮ ಪ್ರಾಜೆಕ್ಟ್ ದೊಡ್ಡದಿದ್ದು ಒಟ್ಟು ಕಟ್ಟಡ 20,000 ಚದರ ಮೀಟರ್ ಮುಟ್ಟಿದರೆ, 2006ರ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿ ಬೇಕು. ಆ ಅನುಮತಿ ಪತ್ರದ ಷರತ್ತುಗಳಲ್ಲಿ ಗೋಡೆ, ಕಿಟಕಿ, ಮೇಲ್ಛಾವಣಿಯ ಯು ವ್ಯಾಲ್ಯೂ ಕೋಡ್ ಪ್ರಕಾರ ಇರಬೇಕು ಅನ್ನುವ ಸಾಲು ಸಾಮಾನ್ಯವಾಗಿ ಇರುತ್ತದೆ. ಯಾರೂ ಓದುವುದಿಲ್ಲ ಅಷ್ಟೆ. ಆ ಪತ್ರ ಗುಟ್ಟಿನದಲ್ಲ, ಕೇಂದ್ರದ ಪರಿವೇಶ್ ಜಾಲತಾಣದಲ್ಲಿ ಹುಡುಕಬಹುದು. ಮೊಮ್ಮಕ್ಕಳ ಕೈಗೆ ಫೋನ್ ಕೊಟ್ಟು ಹುಡುಕಿಸಿ. ಆ ಸಾಲು ಸಿಕ್ಕಿದರೆ ಅದನ್ನೇ ಇಮೇಲಿಗೆ ಅಂಟಿಸಿ “ಇದನ್ನು ಹೇಗೆ ಪಾಲಿಸುತ್ತಿದ್ದೀರಿ?” ಎಂದು ಕೇಳಿ. ಆ ಹುಡುಗ ಈ ಸಲ ನಗುವುದಿಲ್ಲ.

ಗೋಡೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ಪ್ರಶ್ನೆ ಸಾಕು: ಹೊರಗೋಡೆ ಬ್ಲಾಕಿನದೋ, ಮಿವಾನೋ? ಈಗಿನ ಟವರುಗಳಲ್ಲಿ ಅಲ್ಯೂಮಿನಿಯಂ ಅಚ್ಚಿಟ್ಟು ಗೋಡೆಯನ್ನೂ ಕಾಂಕ್ರೀಟಿನಲ್ಲೇ ಎರಕ ಹೊಯ್ಯುತ್ತಾರೆ, ಅದಕ್ಕೆ ಸೈಟಿನಲ್ಲಿ ಮಿವಾನ್ ಅನ್ನುತ್ತಾರೆ. ಬೇಗ ಆಗುತ್ತದೆ, ಗಟ್ಟಿ ಕೂಡ. ಆದರೆ ಆರಿಂಚಿನ ಕಾಂಕ್ರೀಟ್ ಗೋಡೆಯ ಯು 3.5ರ ಮೇಲೆ. ಎಂಟಿಂಚಿನ ಎಎಸಿ ಬ್ಲಾಕ್ (ಗಾಳಿಗುಳ್ಳೆ ತುಂಬಿದ ಹಗುರ ಸಿಮೆಂಟ್ ಬ್ಲಾಕ್) ಗೋಡೆಯದು 0.8 ಆಸುಪಾಸು. ಮಿವಾನ್ ಕಟ್ಟಡವಾಗಿದ್ದು ನಿಮ್ಮ ಬೆಡ್‌ರೂಮ್ ಪಶ್ಚಿಮಕ್ಕಿದ್ದರೆ, ಮೇಲಿಂದ ಒಂದು ಇಸ್ತ್ರಿಪೆಟ್ಟಿಗೆ, ಪಕ್ಕದಿಂದ ಇನ್ನೊಂದು. ಅಂಥ ಫ್ಲ್ಯಾಟನ್ನು ನಾನಂತೂ ಬಿಡುತ್ತೇನೆ.

ಕಿಟಕಿ ಮಾತ್ರ ಇನ್ಸುಲೇಶನ್ನಿನಷ್ಟೇ ದೊಡ್ಡ ವಿಷಯ. ನಮ್ಮ ಕಡಲತೀರದ ಹವೆಗೆ ಸಂಹಿತೆ ಕೇಳುವುದು ಏನು ಗೊತ್ತೇ? ತೆರೆಯುವ ಕಿಟಕಿ ಬಾಗಿಲಿನ ಜಾಗ ಕಾರ್ಪೆಟ್ ಏರಿಯಾದ ಆರನೇ ಒಂದು ಭಾಗ ಇರಬೇಕು. 600 ಚದರ ಅಡಿ ಮನೆಗೆ 100 ಚದರ ಅಡಿ. ಮುಂಬಯಿಯ ಕಿಟಕಿಗಳೆಲ್ಲ ಸ್ಲೈಡಿಂಗ್. ಎರಡು ಗಾಜಿನ ಸ್ಲೈಡಿಂಗ್ ಕಿಟಕಿಯಲ್ಲಿ ಒಂದು ಗಾಜು ಇನ್ನೊಂದರ ಹಿಂದೆ ಹೋಗುತ್ತದೆ, ತೆರೆಯುವುದು ಅರ್ಧವೇ. ಲೆಕ್ಕಕ್ಕೂ ಅರ್ಧವೇ ಹಿಡಿಯಬೇಕು. ಕದ ಹೊರಗೆ ತೆರೆದುಕೊಳ್ಳುವ ಹಳೆ ಕಾಲದ ಕಿಟಕಿಯಾದರೆ ತೊಂಬತ್ತು ಪರ್ಸೆಂಟ್. ಸ್ಯಾಂಪಲ್ ಫ್ಲ್ಯಾಟಿಗೆ ಹೋದಾಗ ಪರದೆ ಸರಿಸಿ, ಕಿಟಕಿ ತೆರೆದು, ಟೇಪ್ ಹಿಡಿದು ಅಳೆಯಿರಿ. ಮೇಲೆ ಛಜ್ಜಾ, ಅಂದರೆ ಬಿಸಿಲು ತಡೆಯುವ ಚಾಚು, ಇದೆಯೋ ನೋಡಿ. ಗಾಜಿಗೆ ಬಿಸಿಲು ಬಿದ್ದ ಮೇಲೆ ಒಳಗಿಂದ ಪರದೆ ಎಳೆದರೆ ಬಿಸಿ ಆಗಲೇ ಒಳಗೆ ಬಂದು ಕೂತಿರುತ್ತದೆ.

ನಮ್ಮ ಊರಿನ ಮಂಗಳೂರು ಹೆಂಚಿನ ಮನೆಗಳಲ್ಲಿ ಅಟ್ಟ ಇತ್ತಲ್ಲ. ಹೆಂಚು ಕಾದರೂ ಸಂದಿಯಿಂದ ಬಿಸಿಗಾಳಿ ಹೊರಗೆ ಹೋಗುತ್ತಿತ್ತು, ಅಟ್ಟದ ಹಲಗೆ ಕೆಳಗೆ ನಾವು ತಣ್ಣಗೆ ಇರುತ್ತಿದ್ದೆವು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಆ ಹೆಂಚು ಹಡಗು ಹತ್ತಿ ಮುಂಬಯಿಗೂ ಬಂತು, ಇಲ್ಲಿನ ಹಳೆ ಚಾಳುಗಳ ತಲೆ ಮೇಲೂ ಕೂತಿತು. ಟೆರೇಸ್ ಮೇಲೆ ಸೋಲಾರ್ ಪ್ಯಾನೆಲ್ ಹಾಕಿದರೂ ಹೆಚ್ಚುಕಮ್ಮಿ ಅದೇ ಉಪಾಯ: ನೆರಳು ಮೇಲೆ, ಕೆಳಗೆ ಗಾಳಿ ಆಡುವ ಜಾಗ. ಬಿಲ್ಡರ್ ಸೋಲಾರ್ ಹಾಕುತ್ತಾನಾದರೆ ನಿಮ್ಮ ಬೆಡ್‌ರೂಮಿನ ನೆತ್ತಿಗೇ ಬರಲಿ ಎಂದು ಒಂದು ಮಾತು ಹಾಕಿಡಿ. ನಷ್ಟವೇನಿಲ್ಲ.

ಥರ್ಮೋಕೋಲ್ ಸೀಲಿಂಗ್ ಬಗ್ಗೆ ಕೇಳಿದ್ದೀರಿ. ಬೇಡ. ಬಿಸಿ ತಡೆಯುವುದೇ ಇಲ್ಲ ಅಂತಲ್ಲ, ಅಷ್ಟಿಷ್ಟು ತಡೆಯುತ್ತದೆ. ಆದರೆ ಬೆಂಕಿ ತಗುಲಿದರೆ ಅದು ಕರಗಿ ಉರಿದು ಹನಿ ಹನಿಯಾಗಿ ಕೆಳಗೆ ಬೀಳುತ್ತದೆ, ಕಪ್ಪು ಹೊಗೆ ತುಂಬುತ್ತದೆ. ದೀಪದ ವೈರು ಹಾದುಹೋಗುವುದೂ ಅದರ ಬೆನ್ನ ಮೇಲೇ. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ ಹೊರಗೋಡೆಯ ಹೊದಿಕೆ ಮತ್ತು ಫೋಮ್ ಹತ್ತಿಕೊಂಡು 72 ಜನ ಸತ್ತರು. ಫೋಮ್ ಯಾವುದೇ ಇರಲಿ, ಸಿಮೆಂಟಿನ ಕೆಳಗೆ ಮುಚ್ಚಿಕೊಂಡಿರಬೇಕು. ನಾವು ಮಲಗುವ ಕೋಣೆಯಲ್ಲಿ ಬೆತ್ತಲೆಯಾಗಿ ಇರಬಾರದು. ಒಳಗಿಂದ ಹಾಕುವುದರಲ್ಲಿ ಇನ್ನೊಂದು ತೊಂದರೆಯೂ ಇದೆ. ಮೇಲೆ ಸ್ಲ್ಯಾಬ್ ಮೊದಲಿನಂತೆಯೇ ಕಾಯುತ್ತಿರುತ್ತದೆ. ಹಗಲು ಹಿಗ್ಗಿ ರಾತ್ರಿ ಕುಗ್ಗಿ ವಾಟರ್‌ಪ್ರೂಫಿಂಗ್ ಬಿರುಕು ಬಿಡುತ್ತದೆ. ಸೋರಲು ಶುರುವಾದರೆ ಸೀಲಿಂಗ್ ಅದನ್ನು ಮುಚ್ಚಿಟ್ಟುಕೊಳ್ಳುತ್ತದೆ, ನಿಮಗೆ ಗೊತ್ತಾಗುವಷ್ಟರಲ್ಲಿ ಸರಳು ತುಕ್ಕು ಹಿಡಿದಿರುತ್ತದೆ. ಮೇಲಿಂದ ಏನೂ ಮಾಡಲಾಗದೇ ಹೋದರೆ ಮಾತ್ರ ಜಿಪ್ಸಮ್ ಬೋರ್ಡಿನ ಸೀಲಿಂಗ್, ಅದರ ಮೇಲೆ ಗ್ಲಾಸ್‌ವುಲ್ ಹಾಸು ಹಾಕಿಸಿ. ಅದಕ್ಕೆ ಬೆಂಕಿ ಹತ್ತುವುದಿಲ್ಲ. ಒಂದು ಮೂಲೆಯಲ್ಲಿ ತೆಗೆದು ನೋಡಲು ಕಿಂಡಿ ಬಿಡಿಸಿ.

ತಗೊಳ್ಳಬಹುದೇ ಅಂದಿರಿ. ಆ ಒಂದು ಸಾಲನ್ನು ಪಟ್ಟಿಯಲ್ಲಿ ಬರೆದುಕೊಟ್ಟರೆ ತಗೊಳ್ಳಿ. ಕೊನೆಯ ಮಹಡಿಯ ಗಾಳಿ ಬೆಳಕು ಕೆಳಗಿನವರಿಗೆ ಸಿಗುವುದಿಲ್ಲ, ತಲೆ ಮೇಲೆ ಯಾರೂ ಮಸಾಲೆ ಕುಟ್ಟುವುದಿಲ್ಲ. “ಹಾಕುತ್ತೇವೆ ಮೇಡಂ, ಬರೆಯುವುದು ಯಾಕೆ” ಅಂದರೆ ಒಂದು ಮಹಡಿ ಕೆಳಗಿನದನ್ನು ಕೇಳಿ. ಬರೆದುಕೊಟ್ಟ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಟೆರೇಸಿಗೆ ಶೀಟು ಹಾಸುವ ದಿನ ಯಾವುದು ಎಂದು ಸೈಟ್ ಇಂಜಿನಿಯರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಆ ದಿನ ಹೆಲ್ಮೆಟ್ ಹಾಕಿಕೊಂಡು ಮೇಲೆ ಹೋಗಿ, ಶೀಟಿನ ಅಂಚಿಗೆ ನಿಮ್ಮ ಹಳೆ ಕ್ಲಾಸಿನ ಅಡಿಕೋಲು ಇಟ್ಟು ಒಂದು ಫೋಟೋ ತೆಗೆಯಿರಿ. ಮಾರನೇ ದಿನ ಹೋದರೆ ಕೋಬಾ ಮುಚ್ಚಿರುತ್ತದೆ.